ಎರಡನೇ ಕೂಗಿಗೆ ಓ

ನಮ್ಮೂರ ಗ್ರಂಥಾಲಯದಲ್ಲಿ ದೆವ್ವ ಇದೆಯೆಂದು ಕೊಡಿಗೇನಹಳ್ಳಿ ಬಸ್ಸಿನಲ್ಲಿ ಮಾತಾಡಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾನು ಶಿವರುದ್ರಮ್ಮ, ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸಿ ಕೂದಲು ಬೆಳ್ಳಗೆ ಮಾಡಿಕೊಂಡವಳು. ಆ ಗ್ರಂಥಾಲಯಕ್ಕೆ ದಿನಾ ಸಂಜೆ ಪೇಪರ್ ಓದಲು ಹೋಗುತ್ತೇನೆ. ಅಲ್ಲಿ ನಡೆದದ್ದನ್ನು ಕಣ್ಣಾರೆ ಕಂಡವರು ಹೇಳಬೇಕೇ ಹೊರತು, ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬಾಯಿಗೆ ಬಂದದ್ದು ಆಡುವವರಲ್ಲ. ನಾನು ಹೇಳಹೊರಟಿರುವುದು ಮಂಜಮ್ಮನ ವಿಷಯ. ನಡುವೆ ದೆವ್ವ ಬಂದರೆ ಅದು ನನ್ನ ತಪ್ಪಲ್ಲ.

ಮಂಜಮ್ಮ ನಮ್ಮ ಗ್ರಂಥಾಲಯದ ಮೇಲ್ವಿಚಾರಕಿ. ಹುಟ್ಟಿದ್ದು ಸಿರಾ ಕಡೆಯ ಬರಗೂರಿನಲ್ಲಿ. ನಮ್ಮೂರ ಕಾಲೊನಿಯ ಅಂಬರೀಶನನ್ನು ಕಟ್ಟಿಕೊಂಡು ಇಲ್ಲಿಗೆ ಬಂದಳು. ಅವನು ಹಿಂದೂಪುರದ ಮಾರುಕಟ್ಟೆಗೆ ತರಕಾರಿ ಹೊರುವ ಗಾಡಿ ಓಡಿಸುತ್ತಾನೆ. ಇವಳು ಮಕ್ಕಳನ್ನು ಹೆತ್ತು ಸಾಕುತ್ತಲೇ ಮನೆಯಲ್ಲಿ ಕೂತು ಬಿ.ಎ. ಮುಗಿಸಿದಳು. ಗ್ರಂಥಾಲಯದ ಕೆಲಸ ಸಿಕ್ಕಿದಾಗ ಊರಿನ ಕೆಲವು ದೊಡ್ಡ ಮನುಷ್ಯರು ಮೂಗು ಮುರಿದರು. ಕಾಲೊನಿಯವಳ ಕೈಯಿಂದ ಪೇಪರ್ ಇಸಿದುಕೊಳ್ಳಬೇಕಲ್ಲ ಎಂಬ ಸಂಕಟ ಅವರಿಗೆ. ಮಂಜಮ್ಮ ಯಾರ ಕೈಗೂ ಪೇಪರ್ ಕೊಡಲೇ ಇಲ್ಲ. ಮೇಜಿನ ಮೇಲೆ ಹರಡಿ, "ಬೇಕಾದೋರು ಓದ್ಕಳಿ, ಬ್ಯಾಡದೋರು ಫ್ಯಾನ್ ಕೆಳಗೆ ಒಸಿ ಗಾಳಿ ತಗಂಡು ಹೋಗ್ಲಿ" ಎಂದಳು. ಆ ಒಂದು ಮಾತಿಗೇ ನಾನು ಅವಳಿಗೆ ಮನಸೋತದ್ದು. ಅಂದಿನಿಂದ ನಾವಿಬ್ಬರೂ ಒಂದೇ ಫ್ಲಾಸ್ಕಿನ ಟೀ ಕುಡಿಯುತ್ತೇವೆ.

ಎರಡು ವರ್ಷದ ಹಿಂದೆ ಯಾವುದೋ ಸಂಸ್ಥೆಯವರು ಬಂದು ಗ್ರಂಥಾಲಯದ ಗೋಡೆಗೆ ಒಂದು ದೊಡ್ಡ ಟಚ್ ಟಿವಿ ಹಾಕಿ, ಫೋಟೊ ಹೊಡೆಸಿಕೊಂಡು ಹೋದರು. ಬೇರೆ ಊರುಗಳಲ್ಲಿ ಅಂಥ ಟಿವಿಯಲ್ಲಿ ಮಕ್ಕಳು ಬೆಕ್ಕು ಇಲಿಯ ಕಾರ್ಟೂನ್ ನೋಡುತ್ತಿದ್ದವು. ಮಂಜಮ್ಮನಿಗೆ ಅದು ಸರಿಬೀಳಲಿಲ್ಲ. ತುಮಕೂರಿನಲ್ಲಿ ಒಂದು ತರಬೇತಿಗೆ ಹೋದಾಗ, ಮುಟ್ಟಿದರೆ ಮಾತಾಡುವ ವಸ್ತು ಪ್ರದರ್ಶನ ನೋಡಿ ಬಂದಿದ್ದಳಂತೆ. "ಮೇಡಂ, ನಾವೂ ಒಂದು ಮಾಡನ. ಮುಟ್ಟಿದ್ರೆ ನಮ್ಮೂರೇ ಮಾತಾಡಂಗೆ" ಎಂದಳು. ನಾನು, "ನಮ್ಮೂರು ಮುಟ್ಟದೇ ಇದ್ದರೂ ಬಾಯಿ ಮುಚ್ಚಲ್ಲ, ಮುಟ್ಟಿದ್ರೆ ಇನ್ನೇನು ಗತಿ" ಎಂದು ನಕ್ಕೆ.

ಅವಳು ನಗಲಿಲ್ಲ. ಶಾಲೆಯ ಅಂಗಳವನ್ನು ಗುಡಿಸಿ ಸಾರಿಸಿ, ರಂಗೋಲಿ ಪುಡಿಯಲ್ಲಿ ಇಡೀ ಊರನ್ನು ಬಿಡಿಸಿದಳು. ಕೆರೆ, ಹಾಲಿನ ಡೈರಿ, ಮೇಲುಕೇರಿ, ಕಾಲೊನಿ, ಒಂದೊಂದು ಮನೆಗೂ ಒಂದೊಂದು ಬಾಗಿಲು. ಆಮೇಲೆ ಸೀರೆ ಎತ್ತಿ ಕಟ್ಟಿ ನೀರಿನ ಟ್ಯಾಂಕು ಹತ್ತಿ ಮೇಲಿಂದ ಫೋಟೊ ತೆಗೆದಳು. ಆ ಫೋಟೊವೇ ಟಿವಿಯ ಮೇಲೆ ಬಂತು. ಇನ್ನು ಮನೆಗಳಿಗೆ ದನಿ ಬೇಕಲ್ಲ? ಅದಕ್ಕೆ ಅವಳು ಹುಡುಕಿದ ಉಪಾಯ ಕೇಳಿ ನಾನು ಬೆರಗಾದೆ. ದೀಪ ಹಚ್ಚುವ ಹೊತ್ತಿಗೆ ಆಯಾ ಮನೆಯ ಹೆಂಗಸರು ತಮ್ಮವರನ್ನು ಊಟಕ್ಕೆ ಹೇಗೆ ಕೂಗುತ್ತಾರೋ, ಆ ಕೂಗನ್ನೇ ಫೋನಿನಲ್ಲಿ ಹಿಡಿದಳು. ಮನೆ ಮನೆಗೂ ಹೋಗಿ, ಕೆಲವರ ಹತ್ತಿರ ಬೈಸಿಕೊಂಡು, ಕೆಲವರ ಹತ್ತಿರ ಕಡ್ಲೆಪುರಿ ತಿಂದು, ಊರಿನ ಎಲ್ಲ ಕೂಗನ್ನೂ ತಂದಳು.

ನಮ್ಮ ಕಡೆ ಒಂದು ಪದ್ಧತಿ ಇದೆ. ಮುಚ್ಚಂಜೆಯಲ್ಲಿ ಯಾರಾದರೂ ಹೆಸರು ಹಿಡಿದು ಕೂಗಿದರೆ ತಟ್ಟನೆ "ಓ" ಅನ್ನಬಾರದು. ಮೂರನೇ ಸಲ ಕೂಗಿದ ಮೇಲೆಯೇ ಅನ್ನಬೇಕು. ಗಾಳಿ, ದೆವ್ವ ಇಂಥವು ಎರಡು ಸಲಕ್ಕಿಂತ ಹೆಚ್ಚು ಕೂಗಲಾರವು, ಮೂರನೇದು ಕೂಗುವುದು ಮನುಷ್ಯರೇ ಎಂಬ ಲೆಕ್ಕ. ಮಂಜಮ್ಮ ಇದನ್ನೇ ಆಟ ಮಾಡಿದಳು. ಟಿವಿಯ ಮೇಲೆ ಒಂದು ಮನೆಯನ್ನು ಮುಟ್ಟಿದರೆ ಆ ಮನೆಯವಳು ಮೂರು ಸಲ ಕೂಗುತ್ತಾಳೆ. ಮೂರನೇದು ಮುಗಿದ ಮೇಲೆ ನೀವು "ಓ" ಅಂದರೆ ಮೈಕು ಅದನ್ನು ಕೇಳಿಸಿಕೊಂಡು ಬಾಗಿಲು ತೆರೆಯುತ್ತದೆ, ಒಳಗೆ ಆ ಮನೆಯವರ ಫೋಟೊ ಕಾಣುತ್ತದೆ. ಅವಸರಪಟ್ಟು ಮೊದಲೇ ಅಂದಿರೋ, ಪರದೆ ಪೂರಾ ಕತ್ತಲು. ಮಧುಗಿರಿಯ ಕಂಪ್ಯೂಟರ್ ಅಂಗಡಿಯ ಗೌರೀಶ ಬಂದು ಇದನ್ನೆಲ್ಲ ಕೂರಿಸಿಕೊಟ್ಟ.

ಮಕ್ಕಳು ಮುಗಿಬಿದ್ದವು. ನಮ್ಮ ಅತ್ತೆ ಬದುಕಿದ್ದಾಗ ಕಾಲೊನಿಯ ಕಡೆಯಿಂದ ಗಾಳಿ ಬೀಸಿದರೂ ಸೆರಗು ಕೊಡವುತ್ತಿದ್ದರು. ಅವರ ಮರಿಮಗಳು ಶರಣ್ಯಾ ಈಗ ಕಾಲೊನಿಯ ಮನೆಗಳನ್ನು ಮುಟ್ಟಿ ಮುಟ್ಟಿ, ಓ ಅಂದು ಓ ಅಂದು ಬಾಗಿಲು ತೆಗೆಸುತ್ತಿದ್ದಳು. ಅದನ್ನು ನೋಡಿ ನನಗೆ ಆದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ.

ಒಂದೇ ಒಂದು ಮನೆಯ ಬಾಗಿಲು ಮಾತ್ರ ಯಾರಿಗೂ ತೆರೆಯುತ್ತಿರಲಿಲ್ಲ. ಅದು ಕಾಲೊನಿಯ ಕೊನೆಯ ಮನೆ, ಲಕ್ಷ್ಮಯ್ಯ ಮತ್ತು ದಾಸಮ್ಮನದು.

ದಾಸಮ್ಮ ತನ್ನ ಗಂಡನನ್ನು ಕೂಗುತ್ತಿದ್ದದ್ದು "ಚಿಕ್ಕಹನುಮಕ್ಕಾ" ಎಂದು. ಗಂಡನ ಹೆಸರು ಹಿಡಿಯಬಾರದಲ್ಲ, ಅದಕ್ಕೆ ನಮ್ಮ ಹೆಂಗಸರು ಮಗುವಿನ ಹೆಸರು ಕೂಗಿ ಗಂಡನನ್ನು ಕರೆಯುತ್ತಾರೆ. ಚಿಕ್ಕಹನುಮಕ್ಕ ಅವರ ಒಬ್ಬಳೇ ಮಗಳು. ಮಾತು ಕಲಿಯುವ ವಯಸ್ಸಿನಲ್ಲೇ ಜ್ವರ ಬಂದು ತೀರಿಹೋಗಿತ್ತು ಕೂಸು. ಆದರೆ ಕೂಗು ಬದಲಾಗಲಿಲ್ಲ. ಅಷ್ಟು ವರ್ಷವೂ ದಾಸಮ್ಮ ಸಂಜೆಯಾದರೆ ಬಾಗಿಲಲ್ಲಿ ನಿಂತು ಇಲ್ಲದ ಮಗಳನ್ನು ಕೂಗುತ್ತಿದ್ದಳು, ಇರುವ ಗಂಡ ಬರುತ್ತಿದ್ದ. ಹೊಸದಾಗಿ ಊರಿಗೆ ಬಂದವರು ಕೇಳಿದರೆ ಎದೆ ಝಲ್ಲೆನ್ನುತ್ತಿತ್ತು. ನಮಗೆ ಅಭ್ಯಾಸವಾಗಿತ್ತು.

ಮಂಜಮ್ಮ ಫೋನು ಹಿಡಿದು ಹೋದ ದಿನ ದಾಸಮ್ಮ ಎರಡು ಸಲ ಕೂಗಿದಳು. ಅಷ್ಟರಲ್ಲಿ ಹಟ್ಟಿಯ ಹಿಂದಿನಿಂದ ಲಕ್ಷ್ಮಯ್ಯ, "ಓ... ಬಂದೆ ಕಣೇ" ಎಂದು ಎಮ್ಮೆ ಬಿಟ್ಟು ಬಂದೇಬಿಟ್ಟ. ಮೂರನೇ ಕೂಗಿಗೆ ಕೆಲಸವೇ ಇರಲಿಲ್ಲ. ದಾಸಮ್ಮ ನಾಚಿಕೊಂಡು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಮಂಜಮ್ಮ ಆ ನಗುವಿನ ಫೋಟೊ ತೆಗೆದಳು. ಗಂಡನ ದನಿಯನ್ನು ಕತ್ತರಿಸಿ ಹೆಂಡತಿಯ ಎರಡು ಕೂಗನ್ನು ಮಾತ್ರ ಹಾಕಿ, ಮೂರನೇದನ್ನು ಇನ್ನೊಂದು ದಿನ ಹಿಡಿದರಾಯಿತು ಅಂದುಕೊಂಡಳು. ಆ ಇನ್ನೊಂದು ದಿನ ಬರಲಿಲ್ಲ. ದಾಸಮ್ಮ ಎದೆನೋವೆಂದು ಮಧುಗಿರಿಯ ಆಸ್ಪತ್ರೆಗೆ ಹೋದವಳು ಹೆಣವಾಗಿ ಬಂದಳು. ಮಂಜಮ್ಮನ ಫೋನೂ ಬಟ್ಟೆಯ ಜೊತೆ ನೀರಿಗೆ ಬಿದ್ದು ಕೆಟ್ಟಿತು. ದಾಸಮ್ಮನ ದನಿ ಅಂತ ಭೂಮಿಯ ಮೇಲೆ ಉಳಿದದ್ದು ಆ ಟಿವಿಯೊಳಗಿನ ಎರಡು ಕೂಗು ಮಾತ್ರ.

ಮಣ್ಣು ಮಾಡಿದ ಕೆಲವು ದಿನಕ್ಕೆ ಶುರುವಾಯಿತು ನೋಡಿ. ಒಂದು ಸಂಜೆ ನಾನು ಪೇಪರಿನ ಕೊನೆಯ ಪುಟದಲ್ಲಿದ್ದೆ. ಮಕ್ಕಳು ಮನೆಗೆ ಹೋಗಿದ್ದವು. ಮಂಜಮ್ಮ ಕಿಟಕಿ ಮುಚ್ಚುತ್ತಿದ್ದಳು. ಟಿವಿಯ ಹತ್ತಿರ ಯಾರೂ ಇರಲಿಲ್ಲ. "ಚಿಕ್ಕಹನುಮಕ್ಕಾ..." ಎಂದಿತು. ಸ್ವಲ್ಪ ತಡೆದು ಮತ್ತೆ, "ಏ ಚಿಕ್ಕಹನುಮಕ್ಕಾ..." ಆಮೇಲೆ ಸದ್ದಿಲ್ಲ. ಮೈಕಿನ ಹಸಿರು ಚುಕ್ಕೆ ಮಾತ್ರ ಮಿಣಮಿಣ ಅನ್ನುತ್ತಾ ಯಾರೋ ಓ ಅನ್ನಲಿ ಎಂದು ಕಾಯುತ್ತಿತ್ತು. ಮಂಜಮ್ಮ ಕಿಟಕಿಯ ಚಿಲಕ ಹಿಡಿದುಕೊಂಡೇ ನಿಂತುಬಿಟ್ಟಳು. ನಾನು ವಿಜ್ಞಾನದ ಟೀಚರ್ ತಾನೇ, "ಹಲ್ಲಿ ಓಡಾಡಿರಬೇಕು ಕಣೇ" ಎಂದೆ.

ಮರುದಿನವೂ ಅದೇ ಹೊತ್ತಿಗೆ, ಅದೇ ಎರಡು ಕೂಗು. ಮಂಜಮ್ಮ ಪರದೆಯ ಮೇಲೆ ಬೆಡ್‌ಶೀಟ್ ಹೊದಿಸಿದಳು, ಬೆಡ್‌ಶೀಟಿನ ಒಳಗಿಂದ ಕೂಗಿತು. ಸ್ವಿಚ್ ಆರಿಸಿದಳು, ಯುಪಿಎಸ್ಸಿನ ಬ್ಯಾಟರಿಯಲ್ಲಿ ಕೂಗಿತು. ಗೌರೀಶನನ್ನು ಕರೆಸಿದೆವು. ಅವನು ಪರದೆಯನ್ನು ಒರೆಸಿ, ತಟ್ಟಿ, "ಏನಿಲ್ಲ ಮೇಡಂ, ಧೂಳಿಗೆ ತೇವಕ್ಕೆ ಯಾರೂ ಮುಟ್ಟದೇ ಇದ್ರೂ ಮುಟ್ಟಿದಂಗೆ ಆಗುತ್ತೆ. ಇದಕ್ಕೆ ಘೋಸ್ಟ್ ಟಚ್ ಅಂತಾರೆ" ಎಂದುಬಿಟ್ಟ. ಅಯ್ಯೋ ಮಹರಾಯ, ಬೇರೆ ಹೆಸರೇ ಸಿಗಲಿಲ್ಲವೇ ನಿನಗೆ! ಬಾಗಿಲಲ್ಲಿ ನಿಂತಿದ್ದವರಿಗೆ ಆ ಒಂದು ಮಾತು ಸಾಕಾಯಿತು. "ಟಿವಿ ಮಾಡಿದ ಕಂಪ್ನಿಯೋರೇ ದೆವ್ವ ಅಂತ ಒಪ್ಕಂಡವ್ರಂತೆ ಕಣ್ಲಾ" ಎಂದು ಹಾಲಿನ ಡೈರಿಯ ಮುಂದೆ ಸುದ್ದಿಯಾಯಿತು. ಮಕ್ಕಳನ್ನು ಸಂಜೆ ಗ್ರಂಥಾಲಯಕ್ಕೆ ಕಳಿಸುವುದು ನಿಂತಿತು.

ಬಂದವನು ಲಕ್ಷ್ಮಯ್ಯ ಒಬ್ಬನೇ. ಅಕ್ಷರ ಬಾರದ ಮನುಷ್ಯ, ಗ್ರಂಥಾಲಯದ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ತಲೆಯ ಟವೆಲ್ ತೆಗೆದು ಮಡಿಲಲ್ಲಿಟ್ಟುಕೊಂಡು ಟಿವಿಯ ಎದುರು ಬೆಂಚಿನ ಮೇಲೆ ಕೂರುತ್ತಿದ್ದ. ಕೂಗು ಬರುತ್ತಿತ್ತು. ಒಂದು. ಎರಡು. ಲಕ್ಷ್ಮಯ್ಯನ ತುಟಿ ಅಲುಗುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಹಸಿರು ಚುಕ್ಕೆ ಆರಿದ ಮೇಲೆ ಎದ್ದು ಹೋಗುತ್ತಿದ್ದ. ದಿನ ಕಳೆದಂತೆ ಆಳು ಇಳಿದುಹೋದ. ರಾತ್ರಿ ಮನೆಯಲ್ಲಿ ಒಲೆ ಹಚ್ಚುವುದೇ ಇಲ್ಲವೆಂದು, ಮಂಜಮ್ಮ ಕಳಿಸಿದ ಮುದ್ದೆ ತಟ್ಟೆಯಲ್ಲೇ ಒಣಗುತ್ತದೆಂದು ಅಂಬರೀಶ ಬಂದು ಹೇಳಿದ.

ಒಂದು ಸಂಜೆ ಮಂಜಮ್ಮ ತಡೆಯಲಾರದೆ ಅವನ ಪಕ್ಕ ಕೂತು, "ಮಾವ, ಇಂಗೆ ಉಪವಾಸ ಕೂತ್ರೆ ಹೆಂಗೆ?" ಎಂದಳು. ಲಕ್ಷ್ಮಯ್ಯ ಅವಳ ಗಂಡನಿಗೆ ದೂರದ ದೊಡ್ಡಪ್ಪನಾಗಬೇಕು.

"ಇನ್ನೊಂದು ಸಲ ಕರೀಲಿ ಅಂತ ಕಾಯ್ತಾ ಇವ್ನಿ ಮಗಾ" ಎಂದ ಲಕ್ಷ್ಮಯ್ಯ. "ಎರಡಕ್ಕೆ ಓ ಅನ್ಬಾರ್ದಲ್ಲ. ಮೂರ್ನೇದು ಕರೆದ್ಲು ಅಂದ್ರೆ ಅವ್ಳೇ ನಿಜವಾಗ್ಲೂ ಕರೀತಾವ್ಳೆ ಅಂತ. ಆಗ ಹೊಂಟೋಯ್ತೀನಿ. ನೀನು ಕಲ್ತೋಳು, ಅದ್ರೊಳಗೆ ಮೂರ್ನೇದೊಂದು ಹಾಕ್ಕೊಡವ್ವಾ."

ಹೊಂಟೋಯ್ತೀನಿ ಎಂದರೆ ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಕೇಳುವ ಧೈರ್ಯ ನನಗಂತೂ ಇರಲಿಲ್ಲ.

ಮೂರನೇ ಕೂಗು ಹಾಕುವುದೇನು ಕಷ್ಟ? ಗೌರೀಶ ಫೋನಿನಲ್ಲೇ ಹೇಳಿಕೊಟ್ಟ, ಎರಡನೇ ಕೂಗನ್ನು ಎತ್ತಿ ಇನ್ನೊಂದು ಸಲ ಅಂಟಿಸಿದರೆ ಮುಗಿಯಿತು. ಮಂಜಮ್ಮ ಕಂಪ್ಯೂಟರ್ ಮುಂದೆ ಕೂತಳು. ದಾಸಮ್ಮನ ಎರಡು ಕೂಗು ಪರದೆಯ ಮೇಲೆ ಏರಿಳಿಯುವ ಎರಡು ಗೀಟಾಗಿ ಕಾಣುತ್ತಿದ್ದವು. ಕೈ ಮೌಸಿನ ಮೇಲಿತ್ತು, ಬೆರಳು ಒತ್ತಲಿಲ್ಲ. "ಮೇಡಂ, ಸತ್ತೋರು ಮೂರನೇ ಸಲ ಕೂಗಕ್ಕೆ ಆಗಲ್ಲ ಅಂತ ನಮ್ಮವ್ವ ಹೇಳ್ತಿದ್ಲು. ಇವತ್ತು ನಾನೇ ಕೂಗಿಸ್ಬೇಕಾ?" ಎಂದಳು.

ಇಷ್ಟರಲ್ಲಿ ದಾಸಮ್ಮನ ತಂಗಿ ಸರೋಜಮ್ಮ ಮದಲೂರಿನಿಂದ ಬಂದಿಳಿದಳು. ಬಂದವಳೇ ಗ್ರಂಥಾಲಯದ ನಡುವೆ ನಿಂತು ಮಂಜಮ್ಮನಿಗೆ ಛೀಮಾರಿ ಹಾಕಿದಳು. "ನಮ್ಮಕ್ಕನ ದನೀನ ಡಬ್ಬಕ್ಕೆ ತುಂಬ್ಕಂಡು ಆಟ ಆಡ್ತಾ ಇದ್ದೀಯಾ? ಅವ್ಳು ಭಾವನ್ನ ಕರ್ಕೊಂಡೇ ಹೋಗೋದು. ಅಳಿಸ್ಬುಡು ಅದನ್ನ! ಭಾವನಿಗೇನಾರ ಆದ್ರೆ ನಿನ್ನ ತಲೆ ಮ್ಯಾಲೇ ಬರೋದು, ತಿಳ್ಕಾ!"

ಮಂಜಮ್ಮ ಅಳುವವಳಲ್ಲ, ಅವತ್ತು ಅತ್ತಳು. ಮೂರನೇದು ಅಂಟಿಸಿದರೆ ಲಕ್ಷ್ಮಯ್ಯ ಹೋಗುತ್ತಾನೆ. ಅಳಿಸಿದರೆ ದಾಸಮ್ಮ ಎರಡನೇ ಸಲ ಸಾಯುತ್ತಾಳೆ. ಸುಮ್ಮನಿದ್ದರೆ ಮುದುಕ ಹೀಗೇ ಸೊರಗಿ ಹೋಗುತ್ತಾನೆ. ಅಷ್ಟು ವರ್ಷ ನಾನು ಕಾಂತದ ಎರಡು ಧ್ರುವ, ಬೆಳಕಿನ ವಕ್ರೀಭವನ ಎಂದು ಕೊರೆದದ್ದು ಅವತ್ತು ಯಾವ ಕೆಲಸಕ್ಕೂ ಬರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಸಂಜೆ ಲಕ್ಷ್ಮಯ್ಯ ಬಂದು ಬೆಂಚಿನ ಮೇಲೆ ಕೂತ ಮೇಲೆ ಮಂಜಮ್ಮ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದಳು. "ಮಾವ, ಒಂದು ಮಾತು ಹೇಳಿ. ಅತ್ತೆ ಬದುಕಿದ್ದಾಗ ಯಾವತ್ತಾದ್ರೂ ನಿಮ್ಮನ್ನ ಮೂರನೇ ಸಲ ಕರೆದಿದ್ರಾ?"

ಲಕ್ಷ್ಮಯ್ಯ ಟವೆಲ್ಲಿನ ದಾರ ಕೀಳುತ್ತಾ ಯೋಚಿಸಿದ. "ಇಲ್ಲ ಕಣವ್ವಾ. ಎಲ್ಲಿ ಕರೀತಿದ್ಲು? ಎರಡ್ನೇದಕ್ಕೇ ಬಂದ್ಬುಡ್ತಿದ್ದೆ. ಗಂಟ್ಲು ನೋಯಿಸ್ಕಂತಾಳಲ್ಲಾ ಅಂತ."

"ಊರೋರೆಲ್ಲ ಮೂರಕ್ಕೆ ಕಾಯ್ತಿದ್ರು. ನೀವು ಕಾಯ್ತಿರ್ಲಿಲ್ಲ. ಹಂಗಿದ್ಮೇಲೆ ಈಗ್ಯಾಕೆ ಮಾವ ಅವರನ್ನ ಕಾಯಿಸ್ತೀರಿ?"

ಮಂಜಮ್ಮ ಎದ್ದು ಹೋಗಿ ಕಂಪ್ಯೂಟರಿನಲ್ಲಿ ಆ ಒಂದು ಮನೆಗೆ ಮಾತ್ರ ನಿಯಮ ಬದಲಿಸಿದಳು. ಎಲ್ಲ ಮನೆಗೂ ಮೂರು, ಲಕ್ಷ್ಮಯ್ಯನ ಮನೆಗೆ ಎರಡು. ಹೊಸ ಕೂಗು ಅಂಟಿಸಲಿಲ್ಲ, ಇದ್ದದ್ದನ್ನು ಅಳಿಸಲೂ ಇಲ್ಲ. "ಇದು ಸರಿಯೋ ತಪ್ಪೋ ಗೊತ್ತಿಲ್ಲ ಮೇಡಂ" ಎಂದಳು ನನ್ನ ಕಿವಿಯಲ್ಲಿ. ಸರೋಜಮ್ಮ ಬಾಗಿಲಲ್ಲಿ ನಿಂತು ದೇವರ ಹೆಸರು ಹೇಳಿಕೊಳ್ಳುತ್ತಿದ್ದಳು.

ಹೊರಗೆ ಕಪ್ಪಾಗುತ್ತಾ ಬಂತು. ಯಾರೂ ಟಿವಿಯನ್ನು ಮುಟ್ಟಲಿಲ್ಲ. ನಾವು ಮೂರು ಜನ ಹೆಂಗಸರು, ಆ ಮುದುಕ. ಫ್ಯಾನು ತಿರುಗುತ್ತಿತ್ತು. ಆಗ ಬಂತು.

"ಚಿಕ್ಕಹನುಮಕ್ಕಾ..."

ಇಷ್ಟು ದಿನ ಕೇಳಿದ್ದೆನಲ್ಲ, ಅವತ್ತು ಮಾತ್ರ ಅದು ಟಿವಿಯ ಕಡೆಯಿಂದ ಬಂದಂತೆ ನನಗೆ ಅನಿಸಲಿಲ್ಲ. ಬಾಗಿಲಾಚೆ, ಕಾಲೊನಿಯ ದಾರಿಯ ಕಡೆಯಿಂದ ಬಂತು. ನಾನು ತಿರುಗಿ ನೋಡಿದೆ. ಮಂಜಮ್ಮನೂ ಅದೇ ಕಡೆ ನೋಡಿದಳು. ದಾರಿಯಲ್ಲಿ ಯಾರೂ ಇರಲಿಲ್ಲ.

"ಏ ಚಿಕ್ಕಹನುಮಕ್ಕಾ..."

ಹಸಿರು ಚುಕ್ಕೆ ಹತ್ತಿಕೊಂಡಿತು. ಲಕ್ಷ್ಮಯ್ಯ ಬೆಂಚಿನಿಂದ ಎದ್ದ. ಸರೋಜಮ್ಮ, "ಬ್ಯಾಡ ಭಾವ, ಓ ಅನ್ಬ್ಯಾಡ! ದೆವ್ವ ಅದು!" ಎಂದು ಕಿರುಚಿದಳು. ಲಕ್ಷ್ಮಯ್ಯ ಅವಳ ಕಡೆ ತಿರುಗಿ ತಣ್ಣಗೆ, "ದೆವ್ವ ಆದ್ರೂ ನಮ್ಮೋಳೇ ತಾನೇ ಕಣಮ್ಮಾ" ಎಂದ. ಆಮೇಲೆ ಟಿವಿಯ ಕಡೆಗಲ್ಲ, ಬಾಗಿಲ ಕಡೆಗೆ ಮುಖ ಮಾಡಿ, ಹೊಲದ ಆ ತುದಿಯಿಂದ ಈ ತುದಿಗೆ ಕೇಳುವಂತೆ ಗಟ್ಟಿಯಾಗಿ ಓಗೊಟ್ಟ.

"ಓ... ಬಂದೆ ಕಣೇ!"

ಪರದೆಯ ಮೇಲೆ ಬಾಗಿಲು ತೆರೆಯಿತು. ಹೊಸ್ತಿಲ ಮೇಲೆ ದಾಸಮ್ಮ, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಆ ಮುದುಕ ಹತ್ತಿರ ಹೋಗಿ ನೋಡಿದ, ನೋಡಿದ, ಅವನ ಕಣ್ಣಿಂದ ನೀರು ಇಳಿದು ಗಲ್ಲದ ಕುರುಚಲಿನಲ್ಲಿ ನಿಂತಿತು. ನನಗೆ ಮಾತ್ರ ಹೆದರಿಕೆ. ಬಂದೆ ಅಂದನಲ್ಲ, ಬರೀ ಓ ಅಂದಿದ್ದರೆ ಸಾಕಿತ್ತಲ್ಲ ಎಂದು ಮನಸ್ಸು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು.

ಆ ರಾತ್ರಿ ಅಂಬರೀಶ ಲಕ್ಷ್ಮಯ್ಯನ ಜಗಲಿಯಲ್ಲೇ ಮಲಗಿದ. ನಾನೂ ಮಂಜಮ್ಮನೂ ನಮ್ಮ ನಮ್ಮ ಮನೆಯಲ್ಲಿ ರೆಪ್ಪೆ ಮುಚ್ಚಲಿಲ್ಲ. ಬೆಳಕು ಹರಿಯುತ್ತಲೇ ಇಬ್ಬರೂ ಓಡಿದೆವು. ನಾನು ಕಾಲೊನಿಯ ಕೊನೆಯ ಮನೆಯ ಮುಂದೆ ನಿಂತು ಇಣುಕಿದೆ. ಲಕ್ಷ್ಮಯ್ಯ ಅಂಗಳ ಗುಡಿಸುತ್ತಿದ್ದ. "ಏನ್ ಟೀಚ್ರಮ್ಮಾ, ಇಷ್ಟೊತ್ತಿಗೇ?" ಎಂದ. ಮಂಜಮ್ಮ ತಂದ ಮುದ್ದೆಯನ್ನು ನಮ್ಮೆದುರೇ ಉಂಡು, ಸಾರು ಚಪ್ಪೆ ಎಂದು ತೆಗಳಿ, ಕೈ ತೊಳೆದ. ನಾನು ಖುಷಿಗೆ, ಬಾಗಿಲಲ್ಲಿ ನಿಂತಿದ್ದ ಸರೋಜಮ್ಮನನ್ನು ತಬ್ಬಿಕೊಂಡೆ. ನಮ್ಮ ಅತ್ತೆ ನೋಡಿದ್ದರೆ ಇನ್ನೊಂದು ಸಲ ಸಾಯುತ್ತಿದ್ದರು.

ಸಂಜೆ ಗ್ರಂಥಾಲಯದಲ್ಲಿ ಕೂಗು ಬರಲಿಲ್ಲ. ಕಾದೆವು, ಪೂರಾ ಕತ್ತಲಾಯಿತು, ಬರಲಿಲ್ಲ. ಮಂಜಮ್ಮ ತಾನೇ ಬೆರಳಿಟ್ಟು ಆ ಮನೆಯನ್ನು ಮುಟ್ಟಿದಳು. ಹಸಿರು ಚುಕ್ಕೆ ಹತ್ತಿತು, ಆರಿತು. ಸದ್ದಿಲ್ಲ. ಮರುದಿನ ಗೌರೀಶ ಬಂದು ನೋಡಿದ. ದನಿ ಇದ್ದ ಜಾಗ ಇದೆ, ಉದ್ದವೂ ಅಷ್ಟೇ ಇದೆ, ಒಳಗೆ ಮಾತ್ರ ಏನೂ ಇಲ್ಲ. ಎರಡು ಗೀಟಿದ್ದ ಕಡೆ ಒಂದೇ ನೆಟ್ಟಗಿನ ಗೆರೆ. "ಹಿಂಗೆ ಆಗಕ್ಕೆ ಚಾನ್ಸೇ ಇಲ್ಲ ಮೇಡಂ" ಎಂದು ತಲೆ ಕೆರೆದುಕೊಂಡ. ಈ ಸಲ ಯಾವ ಇಂಗ್ಲಿಷ್ ಹೆಸರೂ ಅವನ ಬಾಯಿಗೆ ಬರಲಿಲ್ಲ.

ಅಳಿಸಬಾರದು ಎಂದು ಅಷ್ಟು ಪಾಡುಪಟ್ಟವಳು ಮಂಜಮ್ಮ. ಲಕ್ಷ್ಮಯ್ಯ ಮೆಟ್ಟಿಲು ಹತ್ತಿ ಬಂದಾಗ ಅವನ ಕಾಲು ಹಿಡಿದುಕೊಂಡು, "ಮಾವ, ಅತ್ತೆ ದನೀನ ನಾನೇ ಕಳೆದುಬುಟ್ಟೆ" ಎಂದು ಗೋಳಾಡಿದಳು.

ಲಕ್ಷ್ಮಯ್ಯ ಅವಳ ತಲೆಯ ಮೇಲೆ ಕೈಯಿಟ್ಟ. ಅವನ ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ, ಅದನ್ನು ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ.

"ಅಳ್ಬ್ಯಾಡ ಮಗಾ. ಬಂದೆ ಅಂದ್ಮೇಲೆ ಇನ್ಯಾಕೆ ಕರೀತಾಳೆ? ತಟ್ಟೆ ಇಕ್ಕಂಡು ಕಾಯ್ತಾ ಇರ್ತಾಳೆ, ಬುಡು."